ಕೋಡಿ ಬಿದ್ದ ಒಡ್ಡು

ಒಡ್ಡು ಒಡೆಯಲಿಲ್ಲ. ಒಡೆಯಿತು ಅಂತ ಹೇಳುವವರು ಸುಳ್ಳು ಹೇಳುತ್ತಾರೆ, ಇಲ್ಲವೇ ಅವರು ಆಗ ಹುಟ್ಟಿರಲಿಲ್ಲ. ಗುಬ್ಬಿಯ ನಮ್ಮ ತಗ್ಗಿನ ಬೀದಿಗೆ ಆ ವರ್ಷ ನೀರು ನುಗ್ಗಿದಾಗ ಒಡ್ಡು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿತ್ತು. ಒಂದು ಬುಟ್ಟಿ ಮಣ್ಣೂ ಜರಿದಿರಲಿಲ್ಲ. ಪ್ರವಾಹ ತಡೆಯಲಿ ಅಂತ ಕಟ್ಟಿದ್ದನ್ನು ಊರಿನವರು ಕೆರೆ ಮಾಡಿದರು. ಆದದ್ದು ಇಷ್ಟೇ.

ಮೊನ್ನೆ ತುಮಕೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹುಡುಗಿ, "ದಾದಿ, ನಿಮ್ಮೂರಲ್ಲಿ ಡ್ಯಾಮ್ ಒಡೆದು ಬೀದಿಗೆ ಬೀದಿನೇ ಕೊಚ್ಕೊಂಡು ಹೋಗಿತ್ತಂತೆ, ಹೌದಾ?" ಅಂದಳು. ದಾದಿ ಅಂದರೆ ನಮ್ಮವರಲ್ಲಿ ಅಜ್ಜಿ. ನನ್ನ ಬಾಯಲ್ಲಿ ತುತ್ತಿತ್ತು. ಈಗ ಹೇಳುತ್ತೇನೆ. ನಾನು ಕನ್ನಡ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು, ಕಂಡದ್ದನ್ನು ಬರೆಯುವುದಕ್ಕೆ ಅಷ್ಟು ಸಾಕು.

ನಮ್ಮದು ಪುರಿ ಭಟ್ಟಿ. ಕಡ್ಲೆಪುರಿ ತಿನ್ನುತ್ತೀರಲ್ಲ, ಆ ಪುರಿ. ಮದುವೆಯಾಗಿ ಕುಣಿಗಲ್‌ನಿಂದ ಗುಬ್ಬಿಗೆ ಬಂದ ಸ್ವಲ್ಪ ದಿನಕ್ಕೇ ಅತ್ತೆ ನನ್ನನ್ನು ಭಟ್ಟಿಯ ಮುಂದೆ ಕೂರಿಸಿದರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಚ್ಚಿ, ಬಾಣಲೆಯಲ್ಲಿ ಕಾದ ಮರಳಿಗೆ ಎರಚಿದರೆ ಚಟಪಟ ಅಂತ ಅರಳುತ್ತದೆ. ಹೇಳುವುದಕ್ಕೆ ಸುಲಭ. ಮರಳು ಹಸಿಯಾಗಿದ್ದರೆ ಅಕ್ಕಿ ಅರಳುವುದಿಲ್ಲ. ಮರಳಿಗೆ ಮಣ್ಣು ಬೆರೆತಿದ್ದರೆ ಪುರಿ ಹಲ್ಲಿಗೆ ಕರಕರ ಅನ್ನುತ್ತದೆ. ಭಟ್ಟಿಯ ಗೋಡೆ ಬಿರುಕು ಬಿಟ್ಟಿದ್ದರೆ ಉರಿಯೆಲ್ಲ ಹೊರಗೆ. ಭಟ್ಟಿ ಅನ್ನುವುದು ಮಣ್ಣಿನದು. ಜೇಡಿಮಣ್ಣು, ಭತ್ತದ ಹೊಟ್ಟು, ಒಡೆದ ಹೆಂಚಿನ ಚೂರು ಸೇರಿಸಿ ತುಳಿದು ಕಟ್ಟಬೇಕು. ಆಮೇಲೆ ಆತುರಪಡದೆ ಒಣಗಿಸಬೇಕು. ನೀರು ತಾಗಿದರೆ ಬೆಲ್ಲದ ಹಾಗೆ ಕರಗುತ್ತದೆ.

ಇಂಥದ್ದನ್ನು ಹಳ್ಳದ ಪಕ್ಕ ಕಟ್ಟಿದ್ದರು. ಯಾಕೆ ಅಂತ ನನ್ನನ್ನು ಕೇಳಬೇಡಿ, ಮಾವನ ಕಾಲದ್ದು. ನಮ್ಮ ಬೀದಿಯಲ್ಲಿ ಇದ್ದವರೆಲ್ಲ ಕೈಕೆಲಸದವರು, ಸಣ್ಣ ಅಂಗಡಿಯವರು. ಮೇಲಿನ ಬೀದಿಯಲ್ಲಿ ಜಾಗ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಹಸ್ತೆ ಮಳೆ, ಚಿತ್ತೆ ಮಳೆ ಜೋರಾದರೆ ಹಳ್ಳದ ನೀರು ಒಳಗೆ ಬರುತ್ತಿತ್ತು. ಅದೂ ಸರಿಯಾಗಿ ಆಯುಧಪೂಜೆಯ ಮುಂದೆ. ಗುಬ್ಬಿಯಿಂದ ಬೆಳ್ಳಾವಿಯವರೆಗೆ ಒಂದೊಂದು ಅಂಗಡಿ, ಒಂದೊಂದು ಲಾರಿ, ಒಂದೊಂದು ಮಿಲ್ಲಿನವರೂ ಪುರಿ ಕೇಳುವ ಸಮಯ ಅದು. ಆಗಲೇ ಭಟ್ಟಿ ಕರಗಿ ಕೂರುತ್ತಿತ್ತು.

ನಮ್ಮ ಮನೆಯವರಿಗೆ ದಮ್ಮು ಇತ್ತು. ಹೊಟ್ಟಿನ ಹೊಗೆ ಕುಡಿದು ಕುಡಿದು ಬಂದದ್ದು. ಭಟ್ಟಿ ಬಿದ್ದಾಗಲೆಲ್ಲ ಅವರೇ ಮಣ್ಣು ತುಳಿಯಬೇಕು, ಅವರೇ ಕಟ್ಟಬೇಕು. ತುಳಿಯುತ್ತ ನಿಂತು ಎದೆ ಹಿಡಿದುಕೊಳ್ಳುವರು. ಹೀಗೇ ಒಂದು ಸಲ ಕಟ್ಟಿ ಮುಗಿಸಿದ ಮೇಲೆ ಕೈ ತೊಳೆಯುತ್ತ ಅಂದರು: "ಇದೇ ಕೊನೆ. ಇನ್ನೊಂದು ಸಲ ಬಿದ್ದರೆ ನಾನು ಕಟ್ಟೋದಿಲ್ಲ. ತುಮಕೂರಿಗೆ ಹೋಗಿ ಮಗಳ ಮನೆ ಹಿಂದೆ ಒಂದು ರೂಮು ಹಿಡಿದು, ಯಾವುದಾದರೂ ಅಂಗಡಿಲಿ ಕೂರ್ತೀನಿ." ಮನೆಯೊಳಗಿನ ಮಾತು ಉರ್ದುವಿನಲ್ಲಿ, ನಾನು ಕನ್ನಡದಲ್ಲಿ ಬರೆದಿದ್ದೇನೆ. ಯಾವ ಭಾಷೆಯಲ್ಲಿ ಬರೆದರೂ ಅವರು ಸುಮ್ಮನೆ ಮಾತಾಡುವವರಲ್ಲ. ಭಟ್ಟಿ ಹೋದರೆ ನಾವೂ ಹೋದ ಹಾಗೆ ಅಂತ ನನಗೆ ಅವತ್ತೇ ಗೊತ್ತಾಯಿತು. ಮಗಳ ಮನೆ ತುಮಕೂರಿನ ಸದಾಶಿವನಗರದಲ್ಲಿತ್ತು. ಒಳ್ಳೆ ಮನೆ, ಒಳ್ಳೆ ಅಳಿಯ. ಆದರೆ ಅಳಿಯನ ಮನೆಯ ಹಿಂದಿನ ರೂಮಿನಲ್ಲಿ ಕೂತು ಅವರು ಊಟಕ್ಕೆ ಕರೆಯುವುದನ್ನು ಕಾಯುವುದು ನನ್ನ ಕೈಲಿ ಆಗುವ ಕೆಲಸವಲ್ಲ.

ಎಮರ್ಜೆನ್ಸಿ ಮುಗಿದ ಮೇಲೆ ಸರ್ಕಾರದವರು ಹಳ್ಳದ ಮೇಲುಗಡೆ ಒಡ್ಡು ಕಟ್ಟಿಸಿದರು. ಕೂಲಿಗೆ ಗೋಧಿ ಕೊಡುತ್ತಿದ್ದರು. ಕತ್ತೆಗಳ ಮೇಲೆ ಮಣ್ಣು ಬರುತ್ತಿತ್ತು, ಎತ್ತು ಕಟ್ಟಿದ ಕಲ್ಲಿನ ರೋಲರು ಆ ಮಣ್ಣನ್ನು ಅದುಮುತ್ತಿತ್ತು. ನೀರಿನ ಕಡೆಗೆ ಕಲ್ಲು ಜೋಡಿಸಿದರು. ಒಂದು ಬದಿಗೆ ಕೋಡಿ ಬಿಟ್ಟರು. ಕೆರೆ ತುಂಬಿ ಹೆಚ್ಚಾದ ನೀರು ಹರಿದು ಹೋಗುವ ಜಾಗಕ್ಕೆ ನಮ್ಮ ಕಡೆ ಕೋಡಿ ಅನ್ನುತ್ತಾರೆ. ಒಡ್ಡಿನ ಬುಡದಲ್ಲಿ ನೀರು ಹೊರಗೆ ಬಿಡುವ ಒಂದು ತೂಬು. ಆ ತೂಬಿಗೆ ಬಾಗಿಲು ಇಡಲಿಲ್ಲ.

ತುಮಕೂರಿನಿಂದ ಬರುತ್ತಿದ್ದ ಇಂಜಿನಿಯರು ಇನ್ನೂ ಚಿಕ್ಕ ವಯಸ್ಸಿನವನು. ನಮ್ಮ ಭಟ್ಟಿಯಲ್ಲಿ ಬಿಸಿ ಪುರಿ ತೆಗೆದುಕೊಂಡು ಜೇಬಿಗೆ ತುಂಬಿಸಿಕೊಂಡು ಹೋಗುವನು. ಬಾಗಿಲಿಲ್ಲದ ತೂಬು ಕಂಡು ಊರಿನವರು ಅವನನ್ನು ನೋಡಿ ನಗಾಡಿದರು.

"ಏನ್ ಸ್ವಾಮಿ, ಬಾಗ್ಲು ಮರ್ತೋಯ್ತಾ? ನೀರೆಲ್ಲ ಸೋರೋಗಲ್ವಾ?"

"ಸೋರೋಗ್ಲಿ ಅಂತಾನೇ ಇಟ್ಟಿರೋದು. ಇದು ಕೆರೆ ಅಲ್ಲ. ಜೋರಾಗಿ ಬಂದ ನೀರನ್ನ ಹಿಡ್ಕೊಂಡು ನಿಧಾನಕ್ಕೆ ಬಿಡುತ್ತೆ. ಮಳೆ ಬರೋಕೆ ಮುಂಚೆ ಇದು ಯಾವಾಗ್ಲೂ ಖಾಲಿ ಇರ್ಬೇಕು."

"ಖಾಲಿ ಇರೋಕೆ ಯಾರಾದ್ರೂ ಒಡ್ಡು ಕಟ್ತಾರಾ? ಖಾಲಿ ಇತ್ತಲ್ಲ, ಮೊದ್ಲೇ!"

ಎಲ್ಲರೂ ನಕ್ಕರು. ಅವನೂ ನಕ್ಕ. ಕೋಡಿಯ ಕಡೆ ಕೈ ತೋರಿಸಿ, "ಇಲ್ಲಿಂದ ನೀರು ಹೋಗೋ ದಿನ ಬರಬಾರದು" ಅಂದ. ಅದನ್ನು ಕೇಳಿ ಒಬ್ಬ ಮುದುಕ ನೆಲಕ್ಕೆ ಉಗಿದು, "ಥೂ, ಒಳ್ಳೆ ಮಾತಾಡಪ್ಪ" ಅಂದ. ಕೋಡಿ ಬೀಳಬಾರದು ಅನ್ನುವುದು ನಮ್ಮ ಕಡೆ ಶಾಪ. ಕೋಡಿ ಬಿತ್ತು ಅಂದರೆ ಹಬ್ಬ. ಕುಣಿಗಲ್ ದೊಡ್ಡ ಕೆರೆ ಕೋಡಿ ಬಿದ್ದರೆ ನಮ್ಮಪ್ಪ ಅಂಗಡಿಗೆ ಬಾಗಿಲು ಹಾಕಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಹಿಂದೂ ಹೆಂಗಸರು ಮೊರದಲ್ಲಿ ಬಾಗಿನ ಇಟ್ಟು ಗಂಗಮ್ಮನಿಗೆ ಬಿಡುವರು. ನಾವು ದಡದಲ್ಲಿ ನಿಂತು ನೋಡುವೆವು. ಅಂಥ ಊರಿನ ಜನಕ್ಕೆ ಖಾಲಿ ಒಡ್ಡಿನ ವಿಷಯ ಹೇಳಿದರೆ ಯಾರ ತಲೆಗೆ ಹೋಗುತ್ತದೆ?

ಮೊದಲನೇ ಮಳೆಗಾಲ ಒಡ್ಡು ಅವನು ಹೇಳಿದ ಹಾಗೇ ನಡೆದುಕೊಂಡಿತು. ಕೆಂಪು ನೀರು ಬಂದು ನಿಂತಿತು, ತೂಬಿನಿಂದ ಸಣ್ಣಗೆ ಹರಿಯಿತು, ಕೆಲವು ದಿನಕ್ಕೆ ಖಾಲಿಯಾಯಿತು. ನಮ್ಮ ಬೀದಿಯ ನೆಲ ಒದ್ದೆಯಾಗಲಿಲ್ಲ. ಭಟ್ಟಿ ಹಾಗೇ ಉರಿಯಿತು. ಆಯುಧಪೂಜೆಗೆ ಮೂಟೆ ಮೂಟೆ ಪುರಿ ಹೋಯಿತು. ನಮ್ಮ ಮನೆಯವರು ಅವತ್ತು ರಾತ್ರಿ ಕೆಮ್ಮಿದರೂ ಬಯ್ಯಲಿಲ್ಲ.

ನೀರು ಖಾಲಿಯಾಗುವುದು ಕಂಡು ಊರಿನವರಿಗೆ ಮಾತ್ರ ಹೊಟ್ಟೆ ಉರಿಯಿತು. ದಿನಾ ಸಂಜೆ ಹೋಗಿ ಒಡ್ಡಿನ ಮೇಲೆ ಕೂತು, ಇಳಿಯುತ್ತಿದ್ದ ನೀರನ್ನು ನೋಡುವರು. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದ ಹಾಗೆ "ಇವತ್ತು ಎಷ್ಟೈತೆ?" ಅಂತ ವಿಚಾರಿಸುವರು. ಯಾರದೋ ದೃಷ್ಟಿ ತಾಗಿದೆ ಅಂತ ಕುಂಬಳಕಾಯಿ ಒಡೆದರು.

ಒಡ್ಡಿನ ಕೆಳಗೆ ಎಡಗಡೆಗೆ ಒಬ್ಬ ಗೌಡರ ಜಮೀನಿತ್ತು. ಅವರ ಹೆಂಡತಿ, ಗೌಡ್ತಮ್ಮ ಅಂತ ನಾನು ಕರೆಯುವುದು, ನನಗೆ ಬಹಳ ಬೇಕಾದವಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸೋಮವಾರ ಒಪ್ಪತ್ತು ಇರುವಳು, ಅವತ್ತು ಮಾತು ಇನ್ನೂ ಜಾಸ್ತಿ. ಆ ಮಳೆಗಾಲ ಮುಗಿದ ಮೇಲೆ ಪುರಿಗೆ ಬಂದವಳು ಅಂದಳು:

"ಬೂಬಮ್ಮ, ನಮ್ಮೋರು ತೂಬಿಗೆ ಚಪ್ಪಡಿ ಮುಚ್ಚವ್ರೆ ಕಣಮ್ಮ. ಗೋಣಿಚೀಲ ತುರ್ಕಿ ಜೇಡಿ ಮೆತ್ತವ್ರೆ. ಇನ್ನೊಂದು ಹನಿ ಸೋರಾಕಿಲ್ಲ."

"ಯಾಕ್ ಮುಚ್ಚಿದ್ರು? ಅದು ಬಿಟ್ಟಿರ್ಬೇಕು ಅಂತ ಹೇಳಿರ್ಲಿಲ್ವಾ ಆ ಇಂಜಿನಿಯರು?"

"ಅವ್ನು ಟ್ರಾನ್ಸ್‌ಫರ್ ಆಗಿ ಹೋದ ಬುಡು. ನೀರು ಕಂಡ್ರೆ ಆಗ್ದೋನು ಇಂಜಿನಿಯರಂತೆ. ಮನೆಗೆ ಬಂದ ಲಕ್ಷ್ಮಿನ ಹಿಂದ್ಗಡೆ ಬಾಗ್ಲಿಂದ ಕಳಿಸ್ತಾರಾ ಯಾರಾದ್ರೂ?"

"ನಿಮ್ಮ ಲಕ್ಷ್ಮಿ ಹೊಟ್ಟೆ ತುಂಬಿದ್ಮೇಲೆ ಸೀದಾ ನಮ್ಮನೆಗೆ ಬರ್ತಾಳೆ, ಗೌಡ್ತಮ್ಮ."

"ಬರ್ಲಿ ಬುಡು, ನಿಮ್ಗೂ ಒಂದಿಷ್ಟು ಲಕ್ಷ್ಮಿ ಬ್ಯಾಡ್ವಾ?" ಅಂದು ನಗುತ್ತ ಮೊರದಿಂದ ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು.

ನಮ್ಮ ಮನೆಯವರು ಒಂದಿಬ್ಬರನ್ನು ಕರೆದುಕೊಂಡು ಹೋಗಿ ಗೌಡರಿಗೆ ಹೇಳಿದರು. ಗೌಡರು ಕಾಫಿ ಕೊಟ್ಟು ಕಳಿಸಿದರು. "ಸಾಬ್ರೇ, ಮಳೆ ಜೋರಾಗಿ ಬಂದ್ರೆ ಚಪ್ಪಡಿ ತೆಗೀತೀವಿ, ನಾವಿಲ್ವಾ?" ಅಂದರಂತೆ. ಒಡ್ಡಿನಲ್ಲಿ ಆಳುದ್ದ ನೀರು ನಿಂತ ಮೇಲೆ ತಳದಲ್ಲಿರುವ ಚಪ್ಪಡಿಯನ್ನು ಯಾರು ಮುಳುಗಿ ತೆಗೆಯುತ್ತಾರೆ ಅಂತ ಇವರು ಕೇಳಲಿಲ್ಲ. ಕೇಳಿದ್ದರೂ ಇನ್ನೊಂದು ಲೋಟ ಕಾಫಿ ಬರುತ್ತಿತ್ತು.

ಆಮೇಲೆ ಒಂದೆರಡು ವರ್ಷ ಮಳೆ ಹದವಾಗಿ ಬಂತು. ನೀರು ನಿಂತಿತು. ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂತು, ನಮ್ಮ ಹಿತ್ತಲ ಬಾವಿಯಲ್ಲೂ. ಭತ್ತ ನೆನೆಸುವುದಕ್ಕೆ ಅರ್ಧ ಹಗ್ಗ ಬಿಟ್ಟರೆ ಸಾಕು. ಗೌಡರು ಬಾವಿಯ ನೀರು ನಂಬಿ ತೋಟಕ್ಕೆ ತೆಂಗಿನ ಸಸಿ ಇಟ್ಟರು, ಗದ್ದೆ ಮಾಡಿದರು. ಎಮ್ಮೆಗಳು ಬಿದ್ದುಕೊಂಡವು. ಹೆಂಗಸರು ಬಟ್ಟೆ ಒಗೆದರು. ಎಲ್ಲರೂ ಒಡ್ಡು ಅನ್ನುವುದನ್ನು ಬಿಟ್ಟರು. "ಎಲ್ಲಿಗೆ ಹೊಂಟೆ?" ಅಂದರೆ "ಕೆರೆಗೆ" ಅನ್ನುವರು. ನನಗೆ ಅಲ್ಲೇ ಆಯಾಸ ಶುರುವಾಯಿತು. ಒಡ್ಡು ಅಂದರೆ ತೂಬು ಬಿಚ್ಚಿ ಅಂತ ಜಗಳ ಮಾಡಬಹುದು. ಕೆರೆ ಅಂದ ಮೇಲೆ ಯಾರ ಹತ್ತಿರ ಜಗಳ ಮಾಡುವುದು? ಕೆರೆಯ ನೀರು ಬಿಟ್ಟುಬಿಡಿ ಅಂತ ಹೇಳುವವಳು ಊರಿಗೆ ಕೇಡು ಬಯಸುವವಳೇ ತಾನೇ?

ಆ ವರ್ಷ ಹಸ್ತೆ ಮಳೆ ಬಿಡದೆ ಹಿಡಿಯಿತು. ಆಯುಧಪೂಜೆ ಹತ್ತಿರವಿತ್ತು. ಅಮೃತೂರಿನ ಕಡೆಯಿಂದ ತರಿಸಿದ ಭತ್ತವೆಲ್ಲ ಅಕ್ಕಿಯಾಗಿ ಮೂಟೆಗಳಲ್ಲಿ ಕೂತಿತ್ತು. ಅರಳಿಸುವುದು ಮಾತ್ರ ಬಾಕಿ. ಒಂದು ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂತು. ಹೊಟ್ಟು ಹಾಕಿ ಭಟ್ಟಿ ಹತ್ತಿಸಿದ್ದೆವು. ಗೌಡ್ತಮ್ಮ ರೇಷ್ಮೆ ಸೀರೆ ಉಟ್ಟು ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಕೈಯಲ್ಲಿ ಅರಿಶಿನ ಬಳಿದ ಹೊಸ ಮೊರಗಳು.

"ಬೂಬಮ್ಮೋ! ಕೋಡಿ ಬಿತ್ತು ಕಣೇ! ಕೆರೆ ಕೋಡಿ ಬಿತ್ತು! ಬಿಸಿ ಪುರಿ ಹಾಕು, ಗಂಗಮ್ಮಂಗೆ ಚೆಲ್ಬೇಕು, ಮಕ್ಳಿಗೆ ಹಂಚ್ಬೇಕು."

ಪುರಿ ಕೆದಕುತ್ತಿದ್ದ ಕಡ್ಡಿಪೊರಕೆಯನ್ನು ನಾನು ಬಾಣಲೆಯಲ್ಲೇ ಬಿಟ್ಟೆ. ಮರಳಿನಲ್ಲಿದ್ದ ಪುರಿ ಕಪ್ಪಾಯಿತು. "ತುಂಬಿಹೋಯ್ತಾ?" ಅಂದೆ.

"ತುಳುಕ್ತಾ ಐತೆ! ಬಾ ನೋಡುವಂತೆ."

"ಇನ್ನೊಂದು ಮಳೆ ಬಂದ್ರೆ ಆ ನೀರನ್ನ ಎಲ್ಲಿಡ್ತೀರಾ ಗೌಡ್ತಮ್ಮ?"

"ಒಳ್ಳೆ ದಿನ, ಒಳ್ಳೆ ಮಾತಾಡು. ಪುರಿ ಅಳಿ."

ಅಳೆದೆ. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ವಾಲಗದ ಸದ್ದು ಮಧ್ಯಾಹ್ನದವರೆಗೆ ಕೇಳುತ್ತಿತ್ತು. ನಾನು ಮೂಟೆಗಳನ್ನು ಅಟ್ಟಕ್ಕೆ ಏರಿಸೋಣ ಅಂದೆ. ಇವರು ಬೀದಿಯ ಇಬ್ಬರನ್ನು ಕೂಗಿದರು. ಅಕ್ಕಿಯ ಮೂಟೆಗಳು ಮೇಲೆ ಹೋದವು. ಬಾಣಲೆ, ಜರಡಿ ಹೋದವು. ಭಟ್ಟಿಯನ್ನು ಯಾರು ಅಟ್ಟಕ್ಕೆ ಏರಿಸುತ್ತಾರೆ?

ಊಟದ ಹೊತ್ತು ಕಳೆದ ಮೇಲೆ ಮೋಡ ಕವಿಯಿತು. ನಮ್ಮ ಬೀದಿಯಲ್ಲಿ ಬಿದ್ದದ್ದು ಬರೀ ಹನಿ. ಮೇಲೆ ಗುಡ್ಡದ ಕಡೆ ಹೊಡೆಯಿತು. ಒಡ್ಡು ಖಾಲಿ ಇದ್ದಿದ್ದರೆ ಅಷ್ಟನ್ನೂ ನುಂಗಿಕೊಳ್ಳುತ್ತಿತ್ತು. ತುಂಬಿದ ಒಡ್ಡಿಗೆ ಬಂದ ನೀರು ಬಂದ ಹಾಗೇ ಕೋಡಿ ಹಾರಿ ಹಳ್ಳಕ್ಕೆ ಇಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಮೊದಲು ಬಂದದ್ದು ಚೆಂಡು ಹೂವು. ಆಮೇಲೆ ವೀಳ್ಯದೆಲೆ, ಬಾಳೆಹಣ್ಣು, ಬಾಗಿನದ ಬಿಚ್ಚೋಲೆ. ಆಮೇಲೆ ಕೆಂಪು ನೀರು. ಹೊಸಲು ದಾಟಿ ಒಳಗೆ ಬಂದು, ಮನೆಯೆಲ್ಲ ಸುತ್ತಿ, ಹಿಂದೆ ಭಟ್ಟಿಗೆ ಹೋಯಿತು. ಬೆಳಗಿನಿಂದ ಉರಿದ ಭಟ್ಟಿ. ನೀರು ತಾಗುತ್ತಲೇ ಬುಸ್ಸೆಂದು ಹಬೆ ಎದ್ದಿತು. ಒಂದು ಕಡೆಯ ಗೋಡೆ ಕೂತಿತು, ಇನ್ನೊಂದು ಕಡೆಯದು ಅದರ ಮೇಲೆ ಬಿತ್ತು. ಇವರು ಅಟ್ಟದ ಏಣಿಯ ಮೇಲೆ ಕೂತು ನೋಡಿದರು. ದೀಪ ಹಚ್ಚುವ ಹೊತ್ತಿಗೆ ನೀರು ಇಳಿಯತೊಡಗಿತು. ಯಾರೂ ಸಾಯಲಿಲ್ಲ. ಬೀದಿಯಲ್ಲಿ ನಾಲ್ಕಾರು ಗೋಡೆ ಬಿದ್ದವು, ಕೋಳಿಗಳು ಹೋದವು, ನನ್ನ ಎರಡು ಮೊರ ಹೋದವು.

ಬೆಳಿಗ್ಗೆ ಕೆಸರು ಎತ್ತುತ್ತಿದ್ದಾಗ ಬಾವಿಯ ಕಟ್ಟೆಗೆ ಒರಗಿಕೊಂಡ ಹಾಗೆ ಒಂದು ಮೊರ ಸಿಕ್ಕಿತು. ಹೊಸದು. ಅರಿಶಿನ ಇನ್ನೂ ಹೋಗಿರಲಿಲ್ಲ. ಹಸಿರು ಬಳೆ ಒಂದು ಹೆಣಿಗೆಗೆ ಸಿಕ್ಕಿಕೊಂಡಿತ್ತು. ತೊಳೆದು ಗೋಡೆಗೆ ಆನಿಸಿದೆ. ಗೌಡ್ತಮ್ಮ ಕುಕ್ಕೆಯಲ್ಲಿ ಮುದ್ದೆ, ಸಾರು ಇಟ್ಟುಕೊಂಡು ಬಂದಳು. ಕೆಸರಿಗೆ ಕಾಲಿಡುವುದಕ್ಕೆ ಹಿಂದೆಮುಂದೆ ನೋಡಿದಳು, ಆಮೇಲೆ ಸೀರೆ ಎತ್ತಿ ಕಟ್ಟಿ ಬಂದಳು. ಮೊರ ಕಂಡಳು.

"ಅಯ್ಯೋ, ಬಾಗಿನದ ಮೊರ ಕಣೇ ಇದು. ಗಂಗಮ್ಮಂದು. ಮನೇಲಿಟ್ಕೋಬಾರ್ದು. ಹೋಗಿ ನೀರಿಗೆ ಬುಟ್ಬುಡು."

"ನನ್ನ ಎರಡು ಮೊರ ತಗೊಂಡು ಹೋಗವ್ಳೆ ನಿಮ್ಮ ಗಂಗಮ್ಮ. ಒಂದಾದ್ರೂ ವಾಪಸ್ ಕೊಟ್ಟವ್ಳೆ. ಬಿಡಲ್ಲ."

ಅವಳಿಗೆ ನಗು ಬಂತು, ನಗಲಿಲ್ಲ. ಬಿದ್ದ ಭಟ್ಟಿಯನ್ನು ನೋಡಿದಳು. "ನಾವೇನು ಹಿಂಗಾಗ್ಲಿ ಅಂತ ಮಾಡಿದ್ವಾ ಬೂಬಮ್ಮ?" ಅಂದಳು.

"ಇಲ್ಲ. ಆದ್ರೂ ಆಯ್ತಲ್ಲ. ಚಪ್ಪಡಿ ತೆಗೆಸು ನಿಮ್ಮ ಗೌಡ್ರಿಗೆ ಹೇಳಿ."

ಅವಳು ಕುಕ್ಕೆ ಇಳಿಸಿ, ಬಗ್ಗಿ ಕೆಸರು ಎತ್ತಿದಳು.

ಮಧ್ಯಾಹ್ನ ಒಡ್ಡಿನ ಮೇಲೆ ಜನ ಸೇರಿದರು. ತುಮಕೂರಿನಿಂದ ಜೀಪಿನಲ್ಲಿ ಹೊಸ ಇಂಜಿನಿಯರು ಬಂದಿದ್ದರು, ಇವರು ವಯಸ್ಸಾದವರು. ಒಡ್ಡು ಒಡೆಯಿತು ಅನ್ನುವ ಸುದ್ದಿ ಕೇಳಿ ಬಂದವರು ಒಡೆಯದೆ ನಿಂತದ್ದು ಕಂಡು ಸಮಾಧಾನವಾಗಿ ಬೀಡಿ ಹಚ್ಚಿದರು. ನಮ್ಮ ಬೀದಿಯವರು ಒಂದು ಕಡೆ, ಜಮೀನಿನವರು ಒಂದು ಕಡೆ. ತೂಬು ಬಿಚ್ಚಿಸಿ ಅಂತ ನಮ್ಮವರು. ಬಿಚ್ಚಿದರೆ ಗದ್ದೆ ಒಣಗುತ್ತದೆ, ಸಸಿ ಸಾಯುತ್ತದೆ ಅಂತ ಅವರು. ಹೆಂಗಸರು ಹಿಂದೆ ನಿಂತಿದ್ದೆವು. ಎಷ್ಟು ಹೊತ್ತಾದರೂ ಮಾತು ಸುತ್ತಿದಲ್ಲೇ ಸುತ್ತುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಹೋದೆ.

"ಗೌಡ್ರೇ, ನೀವು ಕೆರೆ ಅಂತೀರಾ, ಆಗ್ಲಿ. ಕೆರೆ ಅಂದ್ಮೇಲೆ ಕೋಡಿ ನೀರು ಹೋಗೋಕೆ ದಾರಿ ಬೇಕಲ್ಲ. ನಿಮ್ಮ ಕೆರೆಗೆ ನಮ್ಮ ನಡುಮನೆನೇ ದಾರಿ."

ಹಿಂದಿನಿಂದ ಯಾರೋ ಅಂದರು, "ಹಂಗಾದ್ರೆ ನಿಮ್ಮನೆ ಕೆರೆ ಬಾಯಾಗೈತೆ ಕಣ್ ಬೂಬಮ್ಮ, ಕೆರೆ ನಿಮ್ಮನೆ ಬಾಯಾಗಿಲ್ಲ."

ಜನ ನಕ್ಕರು. ನಮ್ಮ ಬೀದಿಯವರೂ ಒಬ್ಬಿಬ್ಬರು ನಕ್ಕರು. ನಗು ಬರುವ ಮಾತೇ. ನಮ್ಮ ಮನೆ ಮಾವನ ಕಾಲದ್ದು, ಅವರ ಕೆರೆಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ ಅಂತ ಹೇಳಬೇಕಿತ್ತು. ಬಾಯಿಗೆ ಬಂದದ್ದು ಮನೆಗೆ ಬಂದ ಮೇಲೆ. ಗೌಡರು ನಗಲಿಲ್ಲ. ತಲೆ ಬಗ್ಗಿಸಿ, "ಈ ಬೆಳೆ ಒಂದು ಮುಗೀಲಿ ತಾಯಿ. ಆಮೇಲೆ ನೋಡಾನ" ಅಂದರು. ಇಂಜಿನಿಯರು, "ನಿಮ್ಮೂರಿನ ವಿಷಯ, ನೀವ್ನೀವೇ ಕೂತು ತೀರ್ಮಾನ ಮಾಡ್ಕೊಳ್ಳಿ" ಅಂತ ಜೀಪು ಹತ್ತಿದರು. ಬೆಳೆ ಮುಗಿದ ಮೇಲೆ ಇನ್ನೊಂದು ಬೆಳೆ ಇಟ್ಟರು. ಚಪ್ಪಡಿ ಇವತ್ತಿಗೂ ಅಲ್ಲೇ ಇದೆ. ಎಷ್ಟೋ ಕಾಲದ ಮೇಲೆ ಅಲ್ಲೊಂದು ಕಲ್ಲು ನೆಟ್ಟು 'ಹೊಸಕೆರೆ' ಅಂತ ಬಣ್ಣದಲ್ಲಿ ಬರೆಸಿದರು. ಅಲ್ಲಿಗೆ ಮುಗಿಯಿತು.

ಅವತ್ತು ಸಂಜೆ ಗೌಡ್ತಮ್ಮನ ಮುದ್ದೆಯನ್ನೇ ತಿಂದೆವು, ನಮ್ಮ ಒಲೆ ಹತ್ತುವ ಹಾಗಿರಲಿಲ್ಲ. ಇವರು ತಟ್ಟೆಯಲ್ಲೇ ಕೈ ತೊಳೆದು, "ನಾನು ಹೇಳಿದ್ದು ಹೇಳಿದ್ದೇ. ನಾನು ಕಟ್ಟೋದಿಲ್ಲ" ಅಂದರು.

"ಕಟ್ಟಬೇಡಿ" ಅಂದೆ.

"ಮಗಳಿಗೆ ಹೇಳಿಕಳಿಸ್ತೀನಿ."

"ಹೇಳಿಕಳಿಸಿ."

"ಅಕ್ಕಿ ಏನು ಮಾಡೋದು?"

ಅಟ್ಟದ ಮೇಲೆ ಮೂಟೆಗಳಿದ್ದವು. ಒಂದು ಕಾಳೂ ನೆಂದಿರಲಿಲ್ಲ. ಬೇಯಿಸಿ ಒಣಗಿಸಿದ ಅಕ್ಕಿ, ಪುರಿಗೆ ಬಿಟ್ಟರೆ ಇನ್ನೊಂದಕ್ಕೆ ಆಗುವುದಿಲ್ಲ. ಹಬ್ಬ ನಮಗಾಗಿ ಕಾಯುವುದಿಲ್ಲ. ಇವರು ಕೆಮ್ಮುತ್ತ ಮಲಗಿದರು. ಕೈಕಾಲು ನೋವಿಗೆ ನನಗೆ ಬೇಗ ನಿದ್ದೆ ಬಂತು. ದುಃಖಕ್ಕೆ ನಿದ್ದೆಗೆಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಮಾರನೇ ಬೆಳಿಗ್ಗೆ ಎದ್ದು ಹೊರಗೆ ಬಂದೆ. ಕೆಸರನ್ನೆಲ್ಲ ಎತ್ತಿದ ಜಾಗದಲ್ಲಿ, ಬೀದಿಯ ತಿರುವಿನಲ್ಲಿ, ಹಳ್ಳ ಒಂದು ಗಾಡಿಯಷ್ಟು ಮರಳು ತಂದು ಹಾಕಿತ್ತು. ಒಳ್ಳೆ ಮರಳು, ಜೋಳದ ನುಚ್ಚಿನ ಹಾಗೆ. ಬೇರೆ ವರ್ಷ ಆದರೆ ಇಂಥದ್ದಕ್ಕೆ ಹೊಳೆಯವರೆಗೆ ಗಾಡಿ ಕಳಿಸಬೇಕಿತ್ತು. ಬುಟ್ಟಿಯಲ್ಲಿ ತುಂಬಿ ಬಾವಿಯ ಹತ್ತಿರ ತಂದು, ಕೆಂಪು ಹೋಗುವವರೆಗೆ ತೊಳೆದೆ. ಹಿತ್ತಲ ಬಂಡೆಯ ಮೇಲೆ ತೆಳ್ಳಗೆ ಹರವಿದೆ. ಗಂಗಮ್ಮನ ಮೊರದಲ್ಲಿ ಒಂದೊಂದು ಪಾಲು ಹಾಕಿಕೊಂಡು ಕಲ್ಲು ಆರಿಸಿದೆ. ಬಿಸಿಲು ಏರುತ್ತಿತ್ತು. ಇವರು ಬಾಗಿಲಲ್ಲಿ ಬಂದು ನಿಂತು ನೋಡಿದರು. ನಾನು ತಲೆ ಎತ್ತಲಿಲ್ಲ. ಮರಳು ಹರವಿ ಮುಗಿದ ಮೇಲೆ ಬಿದ್ದ ಭಟ್ಟಿಯ ಮಣ್ಣಿಗೆ ಎರಡು ಕೊಡ ನೀರು ಸುರಿದು, ಸೀರೆ ಮೊಣಕಾಲಿಗೆ ಕಟ್ಟಿ, ನಾನೇ ಇಳಿದು ತುಳಿಯತೊಡಗಿದೆ.